ಎಲೆ ಹೀರುವ ಟ್ರೇಲರ್ ರಿಪೇರಿ: ಗಾಳಿಯ ದಾರಿ ಹಿಡಿದು

ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಇದು. ಉದುರಿದ ಎಲೆಗಳನ್ನು ಹೀರಿ, ಪುಡಿ ಮಾಡಿ, ಹಿಂದಿನ ಡಬ್ಬಿಗೆ ತುಂಬುತ್ತದೆ. ನನ್ನ ಕೈಗೆ ಬಂದದ್ದು ಹಳೆಯದು, ದೂರು ಮೂರಿದ್ದವು. ಟ್ರೇಲರಿನ ಮೇಲೇ ಇರುವ ಅದರ ಸ್ವಂತ ಎಂಜಿನ್ ಒಂದೇ ಸಮನೆ ಓಡುವುದಿಲ್ಲ, ಏರುತ್ತದೆ ಇಳಿಯುತ್ತದೆ. ರೇಸ್ ಕೊಟ್ಟರೆ ಇಡೀ ಗಾಡಿ ಗಡಗಡ ನಡುಗುತ್ತದೆ. ಇಷ್ಟೆಲ್ಲ ಸದ್ದು ಮಾಡಿಯೂ ಎಲೆ ಎಳೆಯುವುದಿಲ್ಲ. "ಎಂಜಿನ್ ಸುಸ್ತಾಗಿದೆ, ದೊಡ್ಡದೊಂದು ಹಾಕಿಬಿಡಿ" ಎಂದೇ ಮಾರಿದವರು ಹೇಳಿ ಕಳಿಸಿದ್ದರು.

ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಈ ಯಂತ್ರದಲ್ಲಿ ಎಂಜಿನ್ನಿಗೆ ಇರುವುದು ಒಂದೇ ಕೆಲಸ, ಇಂಪೆಲ್ಲರ್ ಎಂಬ ಗಾಳಿ ತಳ್ಳುವ ರೆಕ್ಕೆಚಕ್ರವನ್ನು ತಿರುಗಿಸುವುದು. ಎಲೆ ಎತ್ತುವುದು, ಸಾಗಿಸುವುದು, ಡಬ್ಬಿಗೆ ಒತ್ತುವುದು ಎಲ್ಲ ಗಾಳಿಯ ಕೆಲಸ. ಟ್ರ್ಯಾಕ್ಟರಿನ ಹುಲ್ಲು ಕತ್ತರಿಸುವ ಭಾಗದ, ಅಂದರೆ ಮೂವರ್ ಡೆಕ್ಕಿನ, ಒಳಗೆ ತಿರುಗುವ ಬ್ಲೇಡುಗಳು ನೆಲದ ಎಲೆಯನ್ನು ಎತ್ತಿ ಪಕ್ಕದ ಬಾಯಿಯಿಂದ ಹೊರಗೆ ತಳ್ಳುತ್ತವೆ. ಆ ಬಾಯಿಗೆ ಕೂರಿಸಿದ ಅಡಾಪ್ಟರ್, ಅಲ್ಲಿಂದ ದಪ್ಪ ಹೋಸ್, ಅದರ ತುದಿಗೆ ಇಂಪೆಲ್ಲರ್ ಒಳಗಿರುವ ಬ್ಲೋವರ್. ಬ್ಲೋವರ್ ದಾಟಿದ ಮೇಲೆ ಬಾಗಿದ ಕೊಳವೆ, ಡಬ್ಬಿ, ಡಬ್ಬಿಯ ಮೇಲ್ಭಾಗದ ಬಲೆ. ಎಲೆ ಡಬ್ಬಿಯಲ್ಲೇ ಉಳಿಯುತ್ತದೆ, ಗಾಳಿ ಬಲೆ ದಾಟಿ ಹೊರಗೆ ಹೋಗುತ್ತದೆ. ಈ ಸಾಲಿನಲ್ಲಿ ಎಲ್ಲಿ ಕೆಟ್ಟರೂ ಕೊನೆಗೆ ಕೇಳುವ ದೂರು ಮಾತ್ರ ಅದೇ: ಎಳೆಯುತ್ತಿಲ್ಲ. ಹಾಗಾಗಿ ಗಾಳಿ ಹೊರಬೀಳುವ ತುದಿಯಿಂದ ಶುರು ಮಾಡಿ ಹಿಂದಕ್ಕೆ, ಡೆಕ್ಕಿನವರೆಗೆ ನೋಡುತ್ತ ಬರುವುದೆಂದು ತೀರ್ಮಾನಿಸಿದೆ.

ಅದಕ್ಕೂ ಮೊದಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಪ್ಲಗ್ಗಿಗೆ ತಾಗದ ಹಾಗೆ ದೂರ ಕಟ್ಟಿಟ್ಟೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಪೆಲ್ಲರ್ ನೇರವಾಗಿ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟಿನ ಮೇಲೇ ಕೂತಿರುತ್ತದೆ, ನಡುವೆ ಕ್ಲಚ್ಚು ಇರುವುದಿಲ್ಲ. ಒಳಗೆ ಸಿಕ್ಕಿಕೊಂಡ ಕಡ್ಡಿ ತೆಗೆಯಲು ಇಂಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ತಿರುಗಿದ ಹಾಗೆಯೇ. ಒಳಗೆ ಪೆಟ್ರೋಲ್ ಇದ್ದು ಒಂದು ಕಿಡಿ ಹಾರಿದರೆ ಬೆರಳು ಹೋಯಿತು. ಸ್ವಿಚ್ ಆಫ್ ಮಾಡಿದ ಮೇಲೂ ಆ ಭಾರದ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಈ ಒಂದು ವಿಷಯದಲ್ಲಿ ಅವಸರ ಬೇಡವೇ ಬೇಡ.

ಡಬ್ಬಿಯ ಬಲೆ ಹೊರಗಿನಿಂದ ನೋಡಿದರೆ ಸರಿಯಾಗೇ ಇತ್ತು. ಸ್ಕ್ರೂ ಬಿಚ್ಚಿ ಒಳಮೈ ತಿರುಗಿಸಿದಾಗ ಕಥೆ ಬೇರೆ. ಎಲೆಯ ಪುಡಿ, ನಾರು, ಮಣ್ಣಿನ ಧೂಳು ಎಲ್ಲ ತೇವದಲ್ಲಿ ಕಲಸಿ ಒಣಗಿ ಕಂಬಳಿಯ ಹಾಗೆ ಒಂದೇ ಪದರವಾಗಿ ಅಂಟಿತ್ತು. ಉಗುರಿನಿಂದ ಅಂಚು ಎಬ್ಬಿಸಿದರೆ ಅಂಗೈಯಗಲದ ಹಾಳೆಯಾಗಿ ಏಳುತ್ತಿತ್ತು. ಬೆಳಕಿಗೆ ಹಿಡಿದರೆ ಮೂಲೆಯಲ್ಲಿ ಒಂದಿಷ್ಟು ಚುಕ್ಕೆ ಬೆಳಕು, ಉಳಿದದ್ದೆಲ್ಲ ಕಪ್ಪು. ನೀರನ್ನು ಹೊರಗಡೆಯಿಂದ ಒಳಕ್ಕೆ ಬಿಟ್ಟು ನೈಲಾನ್ ಬ್ರಷ್ಷಿನಲ್ಲಿ ಉಜ್ಜಿದೆ. ಒಳಗಿನಿಂದ ನೀರು ಹೊಡೆದರೆ ನಾರು ಬಲೆಯ ಕಣ್ಣಿಗೇ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

ಇದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಒಂದು ಲೆಕ್ಕ. ಹೋಸಿನ ಒಳವ್ಯಾಸ 20 ಸೆಂಟಿಮೀಟರ್, ಅಂದರೆ ಬಾಯಿಯ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಎಲೆಯ ಪುಡಿ ಕೊಳವೆಯಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ 20 ಮೀಟರಿನ ಆಸುಪಾಸಿನಲ್ಲಿ ಓಡಬೇಕು. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 630 ಲೀಟರ್ ಗಾಳಿ. ಡಬ್ಬಿ 900 ಲೀಟರಿನದು ಎಂದಿಟ್ಟುಕೊಂಡರೂ ಒಂದೂವರೆ ಸೆಕೆಂಡಿಗೊಮ್ಮೆ ಡಬ್ಬಿ ತುಂಬುವಷ್ಟು ಗಾಳಿ ಒಳಬಂದು ಅಷ್ಟೇ ಗಾಳಿ ಹೊರಗೆ ಹೋಗಬೇಕು. ಹೊರಗೆ ಹೋಗಲು ಜಾಗವಿಲ್ಲದಿದ್ದರೆ ಒಳಕ್ಕೆ ಬರುವುದಾದರೂ ಎಲ್ಲಿಂದ? ಇಂಪೆಲ್ಲರ್ ಇದ್ದ ಗಾಳಿಯನ್ನೇ ಕಲಕುತ್ತ ಕೂರುತ್ತದೆ. ಅಲ್ಲಿಗೆ ಎಷ್ಟು ದೊಡ್ಡ ಎಂಜಿನ್ ಹಾಕಿದರೂ ಅಷ್ಟೆ.

ಇಲ್ಲೊಂದು ತಮಾಷೆ ಇದೆ. ದಾರಿ ಕಟ್ಟಿದಾಗ ಎಂಜಿನ್ನಿಗೆ ಕಷ್ಟವಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆಗುವುದು ತಿರುಗುಮುರುಗು. ಇಂಥ ಬ್ಲೋವರಿನಲ್ಲಿ ಸಾಗುವ ಗಾಳಿ ಕಡಿಮೆಯಾದಷ್ಟೂ ಶಾಫ್ಟಿನ ಮೇಲಿನ ಹೊರೆ ಕಡಿಮೆ. ಹಾಗಾಗಿ ಕಟ್ಟಿಕೊಂಡ ಯಂತ್ರ ಹಗುರವಾಗಿ, ಖುಷಿಯಾಗಿ ಓಡುತ್ತದೆ. ಗಾಳಿಯೂ ಎಲೆಯೂ ಚೆನ್ನಾಗಿ ಹೋಗುತ್ತಿರುವಾಗ ಸದ್ದು ಗಡುಸು, ಎಂಜಿನ್ನಿನ ವೇಗ ಕಾಯುವ ಗವರ್ನರ್ ಥ್ರಾಟಲ್ ತೆರೆದು ದುಡಿಯುತ್ತಿರುತ್ತದೆ. ಈಗ ಟ್ರ್ಯಾಕ್ಟರ್ ಮೇಲೆ ಕೂತಾಗ ನಾನು ಹಿಂದೆ ತಿರುಗಿ ನೋಡುವುದಕ್ಕಿಂತ ಕಿವಿಯನ್ನೇ ನಂಬುತ್ತೇನೆ. ಹಿಂದಿನ ಎಂಜಿನ್ ಇದ್ದಕ್ಕಿದ್ದ ಹಾಗೆ ಹಗುರಾಯಿತೆಂದರೆ ಎಲ್ಲೋ ಕಟ್ಟಿದೆ, ಇಲ್ಲವೇ ಡಬ್ಬಿ ತುಂಬಿದೆ.

ಬಲೆ ಆದ ಮೇಲೆ ಇಂಪೆಲ್ಲರ್. ಬ್ಲೋವರಿನ ಮುಂದಿನ ತಟ್ಟೆ ಬಿಚ್ಚಿದಾಗ ನಡುಕದ ಕಾರಣ ಕಣ್ಣಿಗೇ ಬಿತ್ತು. ಒಂದು ರೆಕ್ಕೆಯ ಹೊರಮೂಲೆ ಹಲ್ಲು ಮುರಿದಂತೆ ಹಾರಿಹೋಗಿತ್ತು, ಕಲ್ಲು ನುಂಗಿದ ಗುರುತು. ಉಳಿದ ರೆಕ್ಕೆಗಳ ಅಂಚು ಮರಳು ತಿಂದು ತೆಳ್ಳಗಾಗಿದ್ದವು. ಮೂರ್ನಾಲ್ಕು ಗ್ರಾಂ ಹೋದರೆ ಏನು ಮಹಾ ಎನ್ನಿಸಬಹುದು. ಈ ಎಂಜಿನ್‌ಗಳು ಪೂರ್ತಿ ರೇಸಿನಲ್ಲಿ ನಿಮಿಷಕ್ಕೆ 3600 ಸುತ್ತಿನ ಹತ್ತಿರ ಓಡುತ್ತವೆ. ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ವ್ಯತ್ಯಾಸವಿದ್ದರೆ ಆ ವೇಗದಲ್ಲಿ ಹುಟ್ಟುವ ಎಳೆತ 213 ನ್ಯೂಟನ್, ಸುಮಾರು 22 ಕಿಲೋ ತೂಕಕ್ಕೆ ಸಮ. ಅದು ಸೆಕೆಂಡಿಗೆ 60 ಸಲ ಸುತ್ತುತ್ತ ಶಾಫ್ಟನ್ನು ಎಲ್ಲ ದಿಕ್ಕಿಗೂ ಜಗ್ಗುತ್ತದೆ. ಬೋಲ್ಟುಗಳು ಸಡಿಲವಾಗುವುದು, ಶೀಟು ಸೀಳುವುದು, ಎಂಜಿನ್ನಿನ ಬೇರಿಂಗ್ ಹೋಗುವುದು ಎಲ್ಲ ಇದರಿಂದಲೇ. ರೆಕ್ಕೆಯ ತುದಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿರುತ್ತದೆ ಎಂಬುದೂ ನೆನಪಿರಲಿ. ಮುಂದಿನ ತಟ್ಟೆ ಇಲ್ಲದೆ ಇದನ್ನು ಸ್ಟಾರ್ಟ್ ಮಾಡಿ ನೋಡುವ ಚಪಲ ಯಾರಿಗೂ ಬೇಡ.

ಇಂಪೆಲ್ಲರ್ ಶಾಫ್ಟಿನ ಮೇಲೆ ತುಕ್ಕು ಹಿಡಿದು ಕೂತಿತ್ತು; ಎರಡೂ ಒಟ್ಟಿಗೆ ತಿರುಗಲೆಂದು ನಡುವಿನ ಗಾಡಿಯಲ್ಲಿ ಕೀ ಎಂಬ ಲೋಹದ ತುಂಡು ಇರುತ್ತದೆ. ಇಲ್ಲಿ ಸುತ್ತಿಗೆ ಎತ್ತಬಾರದು. ಶಾಫ್ಟಿನ ತುದಿಗೆ ಬೀಳುವ ಪ್ರತಿ ಏಟೂ ಎಂಜಿನ್ ಒಳಗಿನ ಬೇರಿಂಗಿಗೆ ಬೀಳುವ ಏಟು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ಕ್ರೂ ಬಿಗಿದು ಎಳೆಯುವ ಪುಲ್ಲರ್ ಹಾಕಿ ಬಿಗಿ ಮಾಡುತ್ತ ಹೋದೆ. ಒಂದು ಹಂತದಲ್ಲಿ ಟಕ್ ಎಂದು ಸಡಿಲಾಯಿತು. ಕೀ ಅಂಚು ಜಜ್ಜಿಹೋಗಿದ್ದರಿಂದ ಹೊಸದು ಹಾಕಿದೆ.

ವೆಲ್ಡಿಂಗಿಗೆ ಕೊಡುವ ಮೊದಲು ಬಿರುಕು ಇದೆಯೇ ಎಂದು ನೋಡಬೇಕು, ಅದೂ ರೆಕ್ಕೆ ನಡುವಿನ ಹಬ್ಬಿಗೆ, ಅಂದರೆ ಶಾಫ್ಟ್ ತೂರುವ ಗುಂಬಕ್ಕೆ, ಸೇರುವ ಜಾಗದಲ್ಲಿ. ಅದಕ್ಕೆ ವರ್ಕ್‌ಶಾಪಿನ ಹಳೆಯ ಉಪಾಯ ಸಾಕು: ಸೀಮೆಎಣ್ಣೆ ಬಳಿದು ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರುವುದು. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ನನ್ನದರಲ್ಲಿ ಗೆರೆ ಮೂಡಲಿಲ್ಲ. ಮೂಡಿದ್ದರೆ ಹೊಸ ಇಂಪೆಲ್ಲರ್ ತರುವುದೇ ದಾರಿ; ಹಬ್ಬಿನ ಹತ್ತಿರದ ಬಿರುಕಿಗೆ ವೆಲ್ಡಿಂಗ್ ಹಾಕಿ ನಂಬುವ ಧೈರ್ಯ ನನಗಿಲ್ಲ.

ಮುರಿದ ಮೂಲೆಗೆ ಅದೇ ದಪ್ಪದ ಉಕ್ಕಿನ ತುಂಡು ಸೇರಿಸಿ ವೆಲ್ಡ್ ಮಾಡಿಸಿದೆ. ಕೆಲಸ ಚೊಕ್ಕವಾಗೇ ಇತ್ತು, ಆದರೆ ತೂಕ ಸಮವಾಗಿರುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಬ್ಯಾಲೆನ್ಸ್ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ಎರಡು ಆಂಗಲ್ ಕಬ್ಬಿಣದ ತುಂಡುಗಳನ್ನು ಅಂಚು ಮೇಲಾಗಿ, ಅಕ್ಕಪಕ್ಕ, ನೀರುಮಟ್ಟ ಇಟ್ಟು ಬಿಗಿದೆ. ಇಂಪೆಲ್ಲರಿನ ತೂತಿಗೆ ಅಲ್ಲಾಡದ ಹಾಗೆ ನೇರವಾದ, ನುಣುಪಾದ ಸರಳು ತೂರಿಸಿ ಆ ಅಂಚುಗಳ ಮೇಲೆ ಇಟ್ಟೆ. ಭಾರದ ಬದಿ ತಾನಾಗೇ ಉರುಳಿ ಕೆಳಕ್ಕೆ ಬರುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಗ್ರೈಂಡರಿನಲ್ಲಿ ಚೂರೇ ಚೂರು ಉಜ್ಜಿ ಮತ್ತೆ ಇಡುವುದು. ರೆಕ್ಕೆಯ ಕೆಲಸದ ಅಂಚನ್ನು ಉಜ್ಜದೆ ಹಿಂದಿನ ತಟ್ಟೆಯ ಹೊರ ಸುತ್ತಿನಲ್ಲಿ ಉಜ್ಜುವುದು ಒಳ್ಳೆಯದು. ಯಾವ ರೆಕ್ಕೆ ಮೇಲೆ ಬಿಟ್ಟರೂ ಉರುಳದೆ ಬಿಟ್ಟಲ್ಲೇ ನಿಲ್ಲುವವರೆಗೆ ಇದೇ ಆಟ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಇಡೀ ರಿಪೇರಿಯಲ್ಲಿ ಕೈಗೆ ಫಲ ಕಂಡದ್ದು ಇಲ್ಲೇ: ಆಮೇಲೆ ಪೂರ್ತಿ ರೇಸಿನಲ್ಲಿ ಟ್ರೇಲರಿನ ಅಂಚು ಹಿಡಿದುಕೊಂಡರೆ ಎಂಜಿನ್ನಿನ ಸಹಜ ಕಂಪನ ಬಿಟ್ಟರೆ ಬೇರೇನೂ ಇರಲಿಲ್ಲ.

ಬ್ಲೋವರಿನ ಸುರುಳಿ ಗೋಡೆಯೂ ಒಂದು ಕಡೆ ಸವೆದು ತೂತಾಗಿತ್ತು. ಕಸ ಬಂದು ಬಡಿಯುವ ಹೊರ ತಿರುವಿನಲ್ಲೇ ಹೀಗಾಗುವುದು. ಒಳಗಿನಿಂದ ಹೊಸ ಶೀಟಿನ ಪಟ್ಟಿ ಹಾಕಿ, ತಲೆ ಮೇಲೇಳದ ಸ್ಕ್ರೂಗಳಿಂದ ಬಿಗಿದೆ. ಗಾಳಿ ಬರುವ ಕಡೆಯ ಅಂಚು ಗೋಡೆಗೆ ಒತ್ತಿ ಕೂತಿರಬೇಕು. ಅಲ್ಲೊಂದು ಕೂದಲೆಳೆ ಸಂದಿ ಉಳಿದರೂ ಎಲೆತೊಟ್ಟು ಸಿಕ್ಕಿ, ಅದಕ್ಕೆ ಇನ್ನೊಂದು ಸಿಕ್ಕಿ, ಗುಪ್ಪೆಯಾಗುತ್ತದೆ.

ಎಂಜಿನ್ನಿನದು ಮಾಮೂಲಿ ರೋಗ. ಏರಿಳಿಯುತ್ತಿದ್ದ ಎಂಜಿನ್ನಿಗೆ ಚೋಕ್ ಅರ್ಧ ಮುಚ್ಚಿದರೆ ಸಮವಾಗಿ ಓಡುತ್ತಿತ್ತು. ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾಗಿದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸರಳ ಸುಳಿವು ಇಲ್ಲ. ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಹಗುರ ಅಂಶ ಆವಿಯಾಗಿ ಅಂಟು ಉಳಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲಾದರೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಕಾರ್ಬುರೇಟರಿನ ತಳದ, ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ತೆಗೆದಾಗ ತಳದಲ್ಲಿ ಕಂದು ಅಂಟು, ಅದರ ಸುತ್ತ ಅಲ್ಯೂಮಿನಿಯಂ ತಿಂದ ಬಿಳಿ ಪುಡಿ. ಮೇನ್ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಬೆಳಕಿಗೆ ಹಿಡಿದಾಗ ದುಂಡಗಿರಬೇಕಾದ ಅದು ಸೀಳುಗಣ್ಣಿನಂತೆ ಕಂಡಿತು. ಕ್ಲೀನರ್ ಸ್ಪ್ರೇ ಹೊಡೆದು, ವೈರಿನಿಂದ ಬಿಡಿಸಿದ ಒಂದೇ ಎಳೆ ತಾಮ್ರದಿಂದ ಬಿಡಿಸಿದೆ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ಗುಂಡುಸೂಜಿ ಹಾಕಿ ತಿರುವಿದರೆ ತೂತು ದೊಡ್ಡದಾಗಿ ಎಂಜಿನ್ ಕಪ್ಪು ಹೊಗೆ ಬಿಡಲು ಶುರುಮಾಡುತ್ತದೆ. ಜೆಟ್ಟಿನ ಹಿಂದಿರುವ, ಮೈತುಂಬ ತೂತಿರುವ ಉದ್ದನೆಯ ಕೊಳವೆಯನ್ನೂ ತೆಗೆದು ತೊಳೆಯಬೇಕು. ಅನೇಕರು ಅದನ್ನು ಅಲ್ಲೇ ಬಿಟ್ಟು ಜೆಟ್ ಮಾತ್ರ ತೊಳೆದು ಹಾಕುತ್ತಾರೆ, ವಾರದಲ್ಲಿ ಮತ್ತೆ ಅದೇ ಕಥೆ.

ಉಳಿದದ್ದು ಬೇಗ ಮುಗಿಯಿತು. ಪ್ಲಗ್ಗಿನ ಗ್ಯಾಪ್ 0.7 ಮಿಲಿಮೀಟರಿಗೆ ತಂದೆ, ಪೆಟ್ರೋಲ್ ಫಿಲ್ಟರ್ ಬದಲಿಸಿದೆ, ಹಳೆಯ ಆಯಿಲ್ ಇಳಿಸಿ 10ಡಬ್ಲ್ಯೂ-30 ಹಾಕಿದೆ. ಸುಮಾರು 200 ಸಿಸಿಯ ಎಂಜಿನ್ನಿಗೆ 0.6 ಲೀಟರ್ ಹಿಡಿಯುತ್ತದೆ. ಆಯಿಲ್ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುವ ಗಾಡಿಯಾದರೆ ಮಟ್ಟ ಅಂಚಿನವರೆಗೂ ಇರಲಿ, ಇಲ್ಲವಾದರೆ ಇಳಿಜಾರಿನಲ್ಲಿ ವಾಲಿದಾಗ ಸುಮ್ಮನೆ ಆಫ್ ಆಗಿ ತಲೆ ತಿನ್ನುತ್ತದೆ. ಏರ್ ಫಿಲ್ಟರಿನ ಮೇಲೆ ಮಾತ್ರ ಕಣ್ಣಿರಬೇಕು. ಈ ಎಂಜಿನ್ ಹುಟ್ಟಿದ್ದೇ ಧೂಳಿನಲ್ಲಿ ದುಡಿಯಲು, ಕೈಪಿಡಿಯಲ್ಲಿ ಹೇಳಿದ ಗಂಟೆಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಹೋಸು ಮತ್ತು ಅಡಾಪ್ಟರ್. ಗಾಳಿ ಸೋರುವ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಇಂಪೆಲ್ಲರಿನ ನಂತರದ ಭಾಗದಲ್ಲಿ ಸೋರಿದರೆ ಧೂಳು ಹೊರಗೆ ಹಾರಿ ತಾನೇ ಚಾಡಿ ಹೇಳುತ್ತದೆ. ಇಂಪೆಲ್ಲರಿಗಿಂತ ಮೊದಲಿನ ಭಾಗದಲ್ಲಿ ಸೋರಿದರೆ ಏನೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಎಲೆ ಎತ್ತಬೇಕಾದ ಗಾಳಿಯ ಬದಲು ಸಂದಿಯಿಂದ ಬಂದ ಪುಕ್ಕಟೆ ಗಾಳಿಯಲ್ಲೇ ಬ್ಲೋವರಿನ ಹೊಟ್ಟೆ ತುಂಬುತ್ತದೆ. ಅದನ್ನು ಹಿಡಿಯಲು, ಟ್ರ್ಯಾಕ್ಟರ್ ಪೂರ್ತಿ ಆಫ್ ಮಾಡಿ, ಬ್ಲೋವರ್ ಮಾತ್ರ ಓಡಿಸಿ, ಕೋಲಿನ ತುದಿಗೆ ತೆಳು ಕಾಗದದ ಪಟ್ಟಿ ಕಟ್ಟಿ ಪ್ರತಿ ಜೋಡಣೆಯ ಸುತ್ತ ಆಡಿಸಿದೆ. ಕಾಗದ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿ ಸಂದಿ. ಹೋಸಿನ ತಳದಲ್ಲಿ ನೆಲಕ್ಕೆ ಉಜ್ಜಿ ಆದ ಸೀಳು ಹೀಗೆ ಸಿಕ್ಕಿತು. ಡೆಕ್ಕಿನ ಬಾಯಿಯಲ್ಲಂತೂ ಕಾಗದ ಪಟ್ಟನೆ ಅಂಟಿಕೊಂಡಿತು. ಹಳೆಯ ಅಡಾಪ್ಟರ್ ಬೇರೆ ಯಾವುದೋ ಮೂವರಿಗೆ ಮಾಡಿದ್ದು. ಮೇಲ್ಗಡೆ ಬೆರಳು ತೂರುವಷ್ಟು ಸಂದಿ.

ಅದನ್ನು ಕಿತ್ತುಹಾಕಿ ಹೊಸದು ಮಾಡಿಕೊಂಡೆ. ಮೊದಲು ರಟ್ಟಿನಲ್ಲಿ ಅಳತೆ ತೆಗೆದು, ಆಮೇಲೆ ದಪ್ಪ ಪ್ಲಾಸ್ಟಿಕ್ ಡ್ರಮ್ಮಿನ ಗೋಡೆ ಕತ್ತರಿಸಿ, ಹೀಟ್ ಗನ್ನಿನಲ್ಲಿ ಕಾಯಿಸಿ ಬಗ್ಗಿಸಿದೆ. ಡೆಕ್ಕಿನ ಬಾಯಿ ಚೌಕ, ಹೋಸು ದುಂಡು. ಚೌಕದಿಂದ ದುಂಡಿಗೆ ಬರುವ ಇಳುಕಲು ಸಾವಕಾಶವಾಗಿರಬೇಕು, ಮೂಲೆ ಉಳಿದರೆ ಒದ್ದೆ ಎಲೆಗೆ ಅದೇ ಮನೆ. ಅಂಚಿನ ಸುತ್ತ ರಬ್ಬರ್ ಪಟ್ಟಿ ಹಾಕಿ, ಬೋಲ್ಟಿನ ಬದಲು ಕೈಯಲ್ಲಿ ಬಿಚ್ಚುವ ಲಾಕುಗಳಿಂದ ಬಿಗಿದೆ. ಕೆಲಸದ ನಡುವೆ ಕಟ್ಟಿದಾಗ ಸ್ಪ್ಯಾನರ್ ಹುಡುಕುತ್ತ ಕೂರುವವರು ಯಾರು? ಆದರೆ ಅಡಾಪ್ಟರ್ ತೆಗೆದು ಬರೀ ಹುಲ್ಲು ಹೊಡೆಯಲು ಹೊರಟರೆ ಡೆಕ್ಕಿನ ಮೂಲ ಕಾವಲು ತಟ್ಟೆಯನ್ನು ಮರಳಿ ಹಾಕಲೇಬೇಕು. ಅದಿಲ್ಲದ ಬಾಯಿ ಕಲ್ಲನ್ನು ಗುಂಡಿನ ಹಾಗೆ ಹಾರಿಸುತ್ತದೆ.

ಹೋಸಿನ ಉದ್ದ ಅಳೆಯುವಾಗ ಗಾಡಿ ನೇರವಾಗಿ ನಿಂತಿದ್ದರೆ ಪ್ರಯೋಜನವಿಲ್ಲ. ಡೆಕ್ಕಿನ ಬಾಯಿ ಬಲಕ್ಕಿರುವ ಟ್ರ್ಯಾಕ್ಟರ್ ಎಡಕ್ಕೆ ಪೂರ್ತಿ ತಿರುಗಿದಾಗ ಹೋಸು ಎಳೆಯುತ್ತದೆ, ಬಲಕ್ಕೆ ತಿರುಗಿದಾಗ ಮಡಚಿ ಹಿಂದಿನ ಚಕ್ರದತ್ತ ಬರುತ್ತದೆ. ಪೂರ್ತಿ ಎಡಕ್ಕೆ ತಿರುಗಿಸಿ ನಿಲ್ಲಿಸಿ, ಆ ಅಳತೆಗೆ ಸ್ವಲ್ಪವೇ ಸಡಿಲು ಬಿಟ್ಟು ಕತ್ತರಿಸಿದೆ. ಉದ್ದ ಜಾಸ್ತಿಯಾದರೆ ಹೋಸು ನಡುವೆ ಜೋತು ಬಿದ್ದು, ಆ ತಗ್ಗಿನಲ್ಲಿ ಎಲೆ ಕೂರುತ್ತದೆ. ಜೋತು ಬೀಳದ ಹಾಗೆ ನಡುವಿಗೆ ಒಂದು ಪಟ್ಟಿಯಿಂದ ಎತ್ತಿ ಕಟ್ಟಿದ್ದೇನೆ. ಸವೆದ ಬದಿಗೆ ತೇಪೆ ಹಾಕಿ ಮೇಲಕ್ಕೆ ತಿರುಗಿಸಿದ್ದೂ ಆಯಿತು.

ಕೆಲಸಕ್ಕಿಳಿಸಿದ ಮೇಲೆ ಗಮನಿಸಿದ್ದು. ಡೆಕ್ಕನ್ನು 7-8 ಸೆಂಟಿಮೀಟರ್ ಎತ್ತರಕ್ಕೆ ಏರಿಸಿಕೊಂಡರೆ ಎಲೆ ಮುಂದೆ ಗುಪ್ಪೆಯಾಗದೆ ಡೆಕ್ಕಿನೊಳಗೆ ನುಗ್ಗುತ್ತದೆ. ಬ್ಲೇಡು ಹಿಂಭಾಗ ಚೆನ್ನಾಗಿ ಮೇಲೆದ್ದಿರುವ, ಗಾಳಿ ಎತ್ತುವ ಜಾತಿಯದಿರಬೇಕು; ಹುಲ್ಲನ್ನು ಅಲ್ಲೇ ಪುಡಿ ಮಾಡಿ ಬಿಡುವ ಬ್ಲೇಡು ಈ ಕೆಲಸಕ್ಕೆ ಬಾರದು. ಎರಡೂ ಎಂಜಿನ್ ಪೂರ್ತಿ ರೇಸಿನಲ್ಲಿ, ಗಾಡಿ ಮಾತ್ರ ನಡಿಗೆಯ ವೇಗದಲ್ಲಿ. ಮೊಣಕಾಲೆತ್ತರ ಗುಡ್ಡೆ ಮಾಡಿ ಅದರ ಮೇಲೆ ಹಾಯಿಸುವುದಕ್ಕಿಂತ, ತೆಳ್ಳಗೆ ಹರಡಿರುವಾಗಲೇ ಎರಡು ಸಲ ಹೋಗುವುದು ಬೇಗ ಮುಗಿಯುತ್ತದೆ. ತೀರಾ ಒಣಗಿದ ತರಗೆಲೆ ಹೀರಿದರೆ ಬಲೆಯಿಂದ ಹೊರಬರುವ ಧೂಳು ಕಣ್ಣುಮೂಗಿಗೆ ತುಂಬುತ್ತದೆ, ಮಾಸ್ಕ್ ಮತ್ತು ಕಿವಿಗೆ ಮಫ್ ಇಲ್ಲದೆ ಕೂರಬಾರದು. ಮಳೆಯಲ್ಲಿ ನೆನೆದದ್ದನ್ನು ಹೀರಲು ಹೋದರೆ ಬಾಗಿದ ಕೊಳವೆಯಲ್ಲಿ ಹಲಗೆಯಂತೆ ಕಟ್ಟುತ್ತದೆ. ಮೇಲ್ಮೈ ಆರಿ, ಎಲೆ ಇನ್ನೂ ಮೆತ್ತಗಿರುವ ಹೊತ್ತು ಹದವಾದದ್ದು.

ಇಳಿಜಾರಿನಲ್ಲಿ ಡಬ್ಬಿ ಅರ್ಧ ತುಂಬಿದಾಗಲೇ ಖಾಲಿ ಮಾಡುವುದು ಲೇಸು. ಪುಟ್ಟ ಟ್ರ್ಯಾಕ್ಟರಿನ ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ, ಟ್ರೇಲರಿಗೆ ಬ್ರೇಕೇ ಇಲ್ಲ. ಭಾರದ ಡಬ್ಬಿ ಹಿಂದಿನಿಂದ ತಳ್ಳಿದರೆ ಒದ್ದೆ ಹುಲ್ಲಿನ ಮೇಲೆ ಗಾಡಿ ಜಾರುತ್ತದೆ. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ಹಿಚ್ ಪಿನ್ನಿಗೆ ಕ್ಲಿಪ್ ಹಾಕಿದ್ದೀರಾ ಎಂದು ಹೊರಡುವ ಮೊದಲು ಕೈಯಲ್ಲೇ ಮುಟ್ಟಿ ನೋಡಿ.

ಡಬ್ಬಿಯಿಂದ ಸುರಿದದ್ದು ಬಹುಪಾಲು ಉಗುರಗಲದ ಚೂರು. ಇಡೀ ಎಲೆ ಗೊಬ್ಬರವಾಗಲು ಒಂದೆರಡು ವರ್ಷ ಹಿಡಿದರೆ ಪುಡಿಯಾದದ್ದು ಅದಕ್ಕಿಂತ ಬಹಳ ಬೇಗ ಕೊಳೆಯುತ್ತದೆ. ತರಗೆಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಗೊಬ್ಬರದ ರಾಶಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲ 25-30 ಪಾಲು ಇದ್ದರೆ ಹದ ಎನ್ನುತ್ತಾರೆ. ಹಸಿ ಹುಲ್ಲಿನ ಚೂರು ಬೆರೆಸಿದರೆ ಅದು ತಾನಾಗಿ ಹತ್ತಿರ ಬರುತ್ತದೆ. ಮೂವರ್ ಮುಂದಿರುವುದರಿಂದ ಎಲೆ ಹುಲ್ಲು ಎರಡೂ ಕಲಸಿಯೇ ಬರುತ್ತವೆ, ಬೇರೆ ಶ್ರಮವಿಲ್ಲ.

ಬಾಕಿ ಉಳಿದದ್ದು ಎರಡು. ಸೈಲೆನ್ಸರಿನ ಕಿಡಿ ತಡೆಯುವ ಜಾಲರಿ ಸುಟ್ಟುಹೋಗಿದೆ, ಹೊಸದು ಬರುವವರೆಗೆ ಕೆಲಸ ಮುಗಿದ ಕೂಡಲೇ ಬಿಸಿ ಎಂಜಿನ್ನಿನ ಸುತ್ತ ಕೂತ ಎಲೆಪುಡಿ ಗುಡಿಸಿ, ತಣಿದ ಮೇಲೆಯೇ ಶೆಡ್ಡಿನೊಳಗೆ ತಳ್ಳುತ್ತಿದ್ದೇನೆ. ಚಕ್ರದ ಬುಶ್‌ಗಳು ಸವೆದು ಎಡ ಚಕ್ರ ಸ್ವಲ್ಪ ವಾಲುತ್ತಿದೆ. ಸದ್ಯಕ್ಕೆ ಗ್ರೀಸು ತುಂಬಿ ಬಿಟ್ಟಿದ್ದೇನೆ, ಎಲೆಯ ಕೆಲಸ ಮುಗಿದು ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವ ದಿನ ಅದನ್ನೂ ಬಿಚ್ಚಬೇಕು.